ಮಲಗಿಸಿ ಹೋದ ಕಂಪ್ಯೂಟರ್ ನಡುರಾತ್ರಿ ತಾನೇ ಎದ್ದು ಕೂರುತ್ತಿದೆ

ನೂರಡಿರಸ್ತೆ_ಡಿಟಿಪಿ, ಮಂಡ್ಯ
ಸೋಮವಾರ, ರಾತ್ರಿ 8.50

ಎಲ್ಲರಿಗೂ ನಮಸ್ಕಾರ. ನೂರಡಿ ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿ ನನ್ನದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಬೀಗರ ಔತಣದ ಕಾರ್ಡು, ಇಷ್ಟೇ ಕೆಲಸ. ರಾತ್ರಿ ಬಾಗಿಲು ಹಾಕುವಾಗ ಕಂಪ್ಯೂಟರನ್ನು ಪೂರ್ತಿ ಆರಿಸುವುದಿಲ್ಲ, ಸ್ಲೀಪ್‌ಗೆ ಹಾಕಿ ಹೋಗುತ್ತೇನೆ. ಕೋರೆಲ್‌ಡ್ರಾದಲ್ಲಿ ಆರೇಳು ಫೈಲುಗಳು ತೆರೆದೇ ಇರುತ್ತವೆ. ಬೆಳಿಗ್ಗೆ ಬಂದು ಒಂದು ಕೀಲಿ ಒತ್ತಿದರೆ ಬಿಟ್ಟಲ್ಲಿಂದಲೇ ಕೆಲಸ ಶುರು.

ಹದಿನೈದು ದಿನಗಳಿಂದ ಇದು ರಾತ್ರಿ ಎದ್ದು ಕೂರುತ್ತಿದೆ. ಎದುರಿನ ಬೇಕರಿಯ ಹುಡುಗ ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚಲು ಬರುತ್ತಾನೆ. "ಅಣ್ಣಾ, ನಿಮ್ಮ ಷಟರ್ ಸಂದಿಯಲ್ಲಿ ಬೆಳಕಿರುತ್ತದೆ, ರಾತ್ರಿ ಯಾರು ಕೆಲಸ ಮಾಡುತ್ತಾರೆ?" ಎಂದು ಕೇಳಿದ. ದಿನವೂ ಅಲ್ಲ, ವಾರದಲ್ಲಿ ಮೂರು ನಾಲ್ಕು ದಿನ. ವಿಷಯ ತಿಳಿದ ನನ್ನ ತಾಯಿ ಬಾಗಿಲಿಗೆ ನಿಂಬೆಹಣ್ಣು ಕಟ್ಟಿಸಿದ್ದಾರೆ. ಅದರಿಂದ ಏನೂ ಆಗಿಲ್ಲ.

ಬಿಡಿಭಾಗ ಜೋಡಿಸಿ ಕಟ್ಟಿಸಿದ ಡೆಸ್ಕ್‌ಟಾಪ್, ವಿಂಡೋಸ್ 10. ಪ್ರಿಂಟ್ ನಡೆಯುವಾಗ ಮಲಗಿಬಿಡಬಾರದೆಂದು ತಾನಾಗಿ ಮಲಗುವುದನ್ನೂ ಪರದೆ ಆರುವುದನ್ನೂ ನಿಲ್ಲಿಸಿಟ್ಟಿದ್ದೇನೆ. ಯುಪಿಎಸ್ ಇದೆ, ಬ್ಯಾಟರಿಗೆ ವಯಸ್ಸಾಗಿದೆ.

ಬೇಗಂ_ಮುಗಿಸಿ
ಸೋಮವಾರ, ರಾತ್ರಿ 9.05

ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು ಮನೆಗೆ ಹೋಗಿ ಸ್ವಾಮಿ. ಇದಕ್ಕೆ ಚರ್ಚೆ ಬೇಕೇ?

ಹಳೇ_ಮದರ್‌ಬೋರ್ಡ್, ಮೈಸೂರು
ಸೋಮವಾರ, ರಾತ್ರಿ 10.20

ಬೇಕು. ಪ್ಲಗ್ ಕೀಳುವುದು ಪರಿಹಾರವಾಗಿದ್ದರೆ ನಾನು ಮೂವತ್ತು ವರ್ಷ ಸರಸ್ವತಿಪುರದಲ್ಲಿ ರಿಪೇರಿ ಅಂಗಡಿ ಇಡುತ್ತಿರಲಿಲ್ಲ.

ಈ ಯಂತ್ರಗಳಿಗೆ ತಾವಾಗಿ ಏಳುವ ಬುದ್ಧಿ ಬಂದದ್ದೇ ಈಚೆಗೆ. ನಾನು ಕೆಲಸ ಕಲಿತಾಗ ಕಂಪ್ಯೂಟರಿಗೆ ತನ್ನ ಹೊಟ್ಟೆಯೊಳಗೆ ಏನಿದೆ ಎಂಬುದೂ ಗೊತ್ತಿರುತ್ತಿರಲಿಲ್ಲ, ನಾವೇ ಹೇಳಬೇಕಿತ್ತು. ಪ್ರೊಸೆಸರನ್ನು ಕೂಗಿ ಕರೆಯಲು ಇದ್ದದ್ದು 0ಯಿಂದ 15ರವರೆಗಿನ ಐಆರ್‌ಕ್ಯೂ ಗೆರೆಗಳು. 0 ಟೈಮರಿಗೆ, 1 ಕೀಲಿಮಣೆಗೆ, 6 ಫ್ಲಾಪಿಗೆ, 14 ಹಾರ್ಡ್‌ಡಿಸ್ಕ್‌ಗೆ. ಉಳಿದ ಬೆರಳೆಣಿಕೆಯ ಗೆರೆಗಳಿಗೆ ಹೊಸ ಕಾರ್ಡುಗಳು ಕಚ್ಚಾಡಬೇಕು. ಮೊದಲ ಮತ್ತು ಮೂರನೆಯ ಸೀರಿಯಲ್ ಪೋರ್ಟುಗಳು 4ನೇ ಗೆರೆಯನ್ನೇ ಹಂಚಿಕೊಳ್ಳುತ್ತಿದ್ದವು. ಒಂದರಲ್ಲಿ ಮೌಸ್, ಇನ್ನೊಂದರಲ್ಲಿ ಮೋಡೆಂ ಇದ್ದರೆ, ಮೋಡೆಂ ಡಯಲ್ ಮಾಡಿದ ತಕ್ಷಣ ಮೌಸ್ ಕಲ್ಲಾಗುತ್ತಿತ್ತು. ಗಿರಾಕಿ "ಮೌಸ್ ಕೆಟ್ಟಿದೆ" ಎಂದು ಹೊಸ ಮೌಸ್ ಕೊಂಡು ಬರುತ್ತಿದ್ದ.

ಬದಲಾಯಿಸಲು ಇದ್ದದ್ದು ಜಂಪರ್. ಅವರೆಕಾಳಿಗಿಂತ ಚಿಕ್ಕದು, ಕರಿಯ ಪ್ಲಾಸ್ಟಿಕ್ ಟೋಪಿ. ಎರಡು ಸೂಜಿಗಳ ಮೇಲಿಂದ ಉಗುರಿನಲ್ಲಿ ಎತ್ತಿ ಪಕ್ಕದ ಎರಡರ ಮೇಲೆ ಕೂರಿಸಬೇಕು. ಕೈತಪ್ಪಿದರೆ ಕೆಂಪು ಗಾರೆ ನೆಲದ ಮೇಲೆ ಎಲ್ಲಿ ಉರುಳಿತೋ, ಟಾರ್ಚ್ ಹಿಡಿದು ಮಂಡಿಯೂರಿ ಹುಡುಕಬೇಕು. ಒಂದು ಜಂಪರ್ ಸಿಗದೆ ಅರ್ಧ ದಿನ ಹೋಗಿ, ಕೊನೆಗೆ ಅದು ನನ್ನ ಪಂಚೆಯ ಮಡಿಕೆಯಲ್ಲಿ ಸಿಕ್ಕಿದ್ದುಂಟು.

1995ರಲ್ಲಿ ವಿಂಡೋಸ್ 95 ಬಂದಾಗ "ಚುಚ್ಚಿದರೆ ಸಾಕು, ಓಡುತ್ತದೆ" ಎಂದರು. ಚುಚ್ಚಿ ಕೈಮುಗಿಯಬೇಕು ಎಂದು ನಾವು ನಕ್ಕೆವು. 1998ರ ಏಪ್ರಿಲ್‌ನಲ್ಲಿ ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದಾಗಲೇ ಸ್ಕ್ಯಾನರ್ ಚುಚ್ಚಿದ್ದಕ್ಕೆ ವಿಂಡೋಸ್ 98 ನೀಲಿ ಪರದೆ ತೋರಿಸಿತು. ಆವತ್ತು ನನ್ನ ವೃತ್ತಿಗೆ ಸ್ವಲ್ಪ ಮರ್ಯಾದೆ ಬಂತು.

ಮುಖ್ಯ ವಿಷಯಕ್ಕೆ ಬರಲಿಲ್ಲ, ಕ್ಷಮಿಸಿ. ತಿಳಿದವರು ಮುಂದುವರಿಸಿ.

ಕಲ್ಲುಸಕ್ಕರೆ, ಮೈಸೂರು
ಸೋಮವಾರ, ರಾತ್ರಿ 11.10

ನನ್ನ ಹೊಟ್ಟೆಪಾಡೇ ಫರ್ಮ್‌ವೇರ್, ಅಂದರೆ ಮದರ್‌ಬೋರ್ಡಿನ ಚಿಪ್ಪಿನೊಳಗೇ ಬರೆದಿಡುವ ತಂತ್ರಾಂಶ, ಆದ್ದರಿಂದ ಮುಂದುವರಿಸುತ್ತೇನೆ.

ಡಿಟಿಪಿ ಅಣ್ಣ, ಮೊದಲು ಒಂದು ಪ್ರಶ್ನೆ. ಬೆಳಿಗ್ಗೆ ಬಂದಾಗ ನಿಮ್ಮ ಫೈಲುಗಳು ಹಾಗೆಯೇ ತೆರೆದಿರುತ್ತವೆಯೋ, ಎಲ್ಲ ಮುಚ್ಚಿ ಹೊಸದಾಗಿ ಲಾಗಿನ್ ಪರದೆ ಬಂದಿರುತ್ತದೆಯೋ? ಎರಡಕ್ಕೂ ಕಾರಣ ಬೇರೆ. ಇವೆಂಟ್ ವ್ಯೂವರ್ ತೆರೆದು, ಸಿಸ್ಟಂ ದಾಖಲೆಯಲ್ಲಿ "ಪವರ್-ಟ್ರಬಲ್‌ಶೂಟರ್" ಎಂಬ ಮೂಲದ 1ನೇ ಸಂಖ್ಯೆಯ ನಮೂದುಗಳನ್ನು ಸೋಸಿ ನೋಡಿ. ಯಂತ್ರ ಎಷ್ಟು ಹೊತ್ತಿಗೆ ಎದ್ದಿತು, ಯಾರು ಎಬ್ಬಿಸಿದರು ಎಂದು ಅಲ್ಲಿ ಬರೆದಿರುತ್ತದೆ.

ಹಿರಿಯರು ಹೇಳಿದ ಜಂಪರಿನ ಕಾಲ ಹೋಗಿ, ಈಗ ಪ್ರತಿಯೊಂದು ಸಾಧನವೂ ತನ್ನ ಕುಲಗೋತ್ರ ತಾನೇ ಹೇಳುತ್ತದೆ. ಯುಎಸ್‌ಬಿ ಸಾಧನವೊಂದನ್ನು ಚುಚ್ಚಿದಾಗ ಅದಕ್ಕೆ ಮೊದಲು 0 ಎಂಬ ವಿಳಾಸ. ಬೇಗನೆ 1ರಿಂದ 127ರೊಳಗೆ ಒಂದು ಸ್ವಂತ ವಿಳಾಸ ಸಿಗುತ್ತದೆ. ಅಲ್ಲಿಂದ ತಾನು ಯಾವ ತಯಾರಕರದು, ಯಾವ ಬಗೆಯದು, ಎಷ್ಟು ವಿದ್ಯುತ್ ಬೇಕು ಎಂದು ಒಪ್ಪಿಸುತ್ತದೆ. ಯುಎಸ್‌ಬಿ 2.0ರಲ್ಲಿ ಪರಿಚಯ ಮುಗಿಯುವ ತನಕ 100 ಮಿಲಿಆಂಪಿಯರ್ ಮಾತ್ರ, ಒಪ್ಪಿಗೆಯಾದ ಮೇಲೆ 500ರವರೆಗೆ. ಮದರ್‌ಬೋರ್ಡಿಗೆ ಚುಚ್ಚುವ ಪಿಸಿಐ ಕಾರ್ಡುಗಳೂ ತಮ್ಮ ಪರಿಚಯ ತಾವೇ ಹೇಳುತ್ತವೆ. ಇಂಟೆಲ್ ಕಂಪನಿ ತನ್ನ ಹಳೆಯ ಪ್ರೊಸೆಸರಿನ ಹೆಸರಾದ 8086 ಅನ್ನೇ ಗುರುತಿನ ಸಂಖ್ಯೆಯಾಗಿ ಇಟ್ಟುಕೊಂಡಿದೆ, ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟ ಹಾಗೆ.

ಆದರೆ ಮದರ್‌ಬೋರ್ಡಿಗೇ ಅಂಟಿಕೊಂಡಿರುವ ಪವರ್ ಬಟನ್, ಫ್ಯಾನು, ಲ್ಯಾಪ್‌ಟಾಪಿನ ಮುಚ್ಚಳದ ಸ್ವಿಚ್ಚು, ಬ್ಯಾಟರಿ, ಇವು ಮಾತಾಡುವುದಿಲ್ಲ. ಇವುಗಳ ಪರವಾಗಿ ಫರ್ಮ್‌ವೇರ್ ಒಂದು ಚೀಟಿ ಬರೆದುಕೊಡುತ್ತದೆ. ಬಾಡಿಗೆಗೆ ಮನೆ ಕೊಡುವಾಗ ಮಾಲೀಕರು "ಮೋಟಾರ್ ಸ್ವಿಚ್ ಇಲ್ಲಿ, ಸಂಪಿನ ವಾಲ್ವ್ ಅಲ್ಲಿ, ಊರಿಗೆ ಹೋಗುವಾಗ ಇದನ್ನು ಮುಚ್ಚಿ" ಎಂದು ಬರೆದಿಡುತ್ತಾರಲ್ಲ, ಹಾಗೆ. ಆ ಚೀಟಿಯ ಪದ್ಧತಿಗೆ ಎಸಿಪಿಐ ಎಂದು ಹೆಸರು. ಇಂಟೆಲ್, ಮೈಕ್ರೋಸಾಫ್ಟ್, ತೊಷಿಬಾ ಸೇರಿ 1996ರ ಡಿಸೆಂಬರಿನಲ್ಲಿ ಹೊರತಂದದ್ದು. 2013ರಿಂದ ಅದನ್ನು ಯುಇಎಫ್‌ಐ ಫೋರಂ ಎಂಬ ಕಂಪನಿಗಳ ಕೂಟ ನೋಡಿಕೊಳ್ಳುತ್ತಿದೆ.

ಅದಕ್ಕೂ ಮುಂಚೆ 1992ರಲ್ಲಿ ಬಂದ ಎಪಿಎಂ ಇತ್ತು. ಅದರಲ್ಲಿ ಮಾಲೀಕರೇ ಹೇಳದೆ ಕೇಳದೆ ಒಳಗೆ ಬಂದು ಮೋಟಾರ್ ಆರಿಸುತ್ತಿದ್ದರು. ಬಾಡಿಗೆದಾರ ಮೈಗೆ ಸೋಪು ಹಚ್ಚಿಕೊಂಡು ನಿಂತಿದ್ದಾನೆಯೇ ಎಂದೂ ನೋಡುತ್ತಿರಲಿಲ್ಲ. ಎಸಿಪಿಐ ಅಧಿಕಾರವನ್ನು ಆಪರೇಟಿಂಗ್ ಸಿಸ್ಟಂ ಕೈಗೆ ಕೊಟ್ಟಿತು. ಚೀಟಿ ಬರೆಯುವುದು ಮಾತ್ರ ಈಗಲೂ ಮಾಲೀಕರೇ, ತಪ್ಪು ಬರೆದರೆ ಅನುಭವಿಸುವವರು ನಾವು.

ನೂರಡಿರಸ್ತೆ_ಡಿಟಿಪಿ, ಮಂಡ್ಯ
ಮಂಗಳವಾರ, ಮಧ್ಯಾಹ್ನ 1.30

ಅಕ್ಕಾ, ನೋಡಿದೆ. ಫೈಲುಗಳು ಹಾಗೆಯೇ ಇರುತ್ತವೆ. ಒಂದೇ ಒಂದು ದಿನ, ಹೋದ ಗುರುವಾರ, ಎಲ್ಲ ಮುಚ್ಚಿತ್ತು. ಆವತ್ತು ಅಪ್ಡೇಟ್ ಇರಬೇಕು ಎಂದುಕೊಂಡು ಸುಮ್ಮನಾದೆ.

ದಾಖಲೆಯಲ್ಲಿ ಎರಡು ಬಗೆ ಇದೆ. ಕೆಲವು ದಿನ ಸರಿಯಾಗಿ ರಾತ್ರಿ 2 ಗಂಟೆಗೆ ಒಂದು, ಅದರ ಮುಂದೆ ಟೈಮರ್ ಎಂದಿದೆ. ಅದು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಮಲಗಿದೆ. ಇನ್ನೊಂದು ಬಗೆಯದಕ್ಕೆ ಹೊತ್ತು ಗೊತ್ತಿಲ್ಲ: 11.48, 3.10, 12.25. ಅದರ ಮುಂದೆ ಯುಎಸ್‌ಬಿ ಕಂಟ್ರೋಲರ್ ಎಂದಿದೆ, ಎದ್ದದ್ದು ಬೆಳಗಿನ ತನಕ ಮಲಗಿಲ್ಲ.

ಕಲ್ಲುಸಕ್ಕರೆ, ಮೈಸೂರು
ಮಂಗಳವಾರ, ಮಧ್ಯಾಹ್ನ 2.15

ಬಹಳ ಚೆನ್ನಾಗಿ ನೋಡಿದ್ದೀರಿ. 2 ಗಂಟೆಯದು ವಿಂಡೋಸಿನದೇ ನಿರ್ವಹಣೆ ಕೆಲಸ. ಹಾಗೆ ಟೈಮರಿನಿಂದ ಎದ್ದಾಗ ಪರದೆ ಹೊತ್ತಿಕೊಳ್ಳುವುದಿಲ್ಲ, ಕೆಲಸ ಮುಗಿಸಿ ಮತ್ತೆ ಮಲಗುತ್ತದೆ. ಆದ್ದರಿಂದ ಬೇಕರಿ ಹುಡುಗನಿಗೆ ಕಂಡದ್ದು ಅದಲ್ಲ. ಬೆಳಕು ಕಂಡದ್ದು ಎರಡನೆಯದು. ಯುಎಸ್‌ಬಿ ಎಂದರೆ ಕೀಲಿಮಣೆ, ಮೌಸ್, ಇಲ್ಲವೇ ಪ್ರಿಂಟರ್. ಮನುಷ್ಯ ಎಬ್ಬಿಸಿದ ಎಂದು ಯಂತ್ರ ತಿಳಿಯುತ್ತದೆ, ಹಾಗಾಗಿ ಪರದೆ ಹೊತ್ತಿಸಿ ಕಾಯುತ್ತ ಕೂರುತ್ತದೆ. ನೀವು ತಾನಾಗಿ ಮಲಗುವುದನ್ನು ನಿಲ್ಲಿಸಿರುವುದರಿಂದ ಬೆಳಗಿನ ತನಕ ಕಾಯುತ್ತದೆ ಪಾಪ.

ಮೇಜಿನ ಮೇಲೆ ರಾತ್ರಿ ಇಲಿ ಓಡಾಡುತ್ತದೆಯೇ?

ನೂರಡಿರಸ್ತೆ_ಡಿಟಿಪಿ, ಮಂಡ್ಯ
ಮಂಗಳವಾರ, ರಾತ್ರಿ 9.40

ಇಲಿ ಇಲ್ಲ ಅಕ್ಕಾ, ಕಾಗದದ ಅಂಗಡಿ, ಇಲಿಗೆ ಮೊದಲೇ ವ್ಯವಸ್ಥೆ ಮಾಡಿದ್ದೇನೆ. ಆದರೆ ನೀವು ಮೇಜು ಎಂದಿರಲ್ಲ, ಅದರಿಂದಲೇ ಹೊಳೆಯಿತು.

ಇವತ್ತು ಬಾಗಿಲು ಹಾಕದೆ ಕಾದೆ. ಕಂಪ್ಯೂಟರ್ ಮಲಗಿಸಿ, ದೀಪ ಆರಿಸಿ, ಸ್ಟೂಲಿನ ಮೇಲೆ ಕೂತೆ. ಈಗ ಕಬ್ಬು ಅರೆಯುವ ಕಾಲ. ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ರಾತ್ರಿ ನಮ್ಮ ರಸ್ತೆಯಲ್ಲೇ ನುಗ್ಗುತ್ತವೆ, ಒಂದಕ್ಕೆ ಎರಡು ಟ್ರೈಲರ್ ಕಟ್ಟಿಕೊಂಡು. ಅಂಗಡಿ ಮುಂದಿನ ಹಂಪಿನ ಮೇಲೆ ಹಿಂದಿನ ಟ್ರೈಲರ್ ದಡಾರೆಂದು ಬಿತ್ತು. ಗಾಜಿನ ಲೋಟದೊಳಗಿನ ಚಮಚ ಕಿಣಿಕಿಣಿ ಎಂದಿತು, ಮೌಸಿನ ಹೊಟ್ಟೆಯ ಕೆಂಪು ದೀಪ ಒಮ್ಮೆ ಮಿನುಗಿತು, ಕಂಪ್ಯೂಟರ್ ಎದ್ದು ಕೂತಿತು. ಪರದೆಯ ಮೇಲೆ ನಿನ್ನೆಯ ಬೀಗರ ಔತಣದ ಕಾರ್ಡು!

ಎಲ್ಲ ಗಾಡಿಗೂ ಏಳುವುದಿಲ್ಲ. ತುಂಬಿದ ಗಾಡಿ, ಅದೂ ವೇಗದಲ್ಲಿ ಬಂದರೆ ಮಾತ್ರ.

ಹಳೇ_ಮದರ್‌ಬೋರ್ಡ್, ಮೈಸೂರು
ಮಂಗಳವಾರ, ರಾತ್ರಿ 10.00

ಮೂವತ್ತು ವರ್ಷದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎಬ್ಬಿಸಿದ ಕಂಪ್ಯೂಟರ್ ನಾನು ನೋಡಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಮೌಸಿನ ಗುಣಲಕ್ಷಣ ತೆರೆಯಿರಿ, ಪವರ್ ಮ್ಯಾನೇಜ್‌ಮೆಂಟ್ ಎಂಬ ಪುಟದಲ್ಲಿ "ಈ ಸಾಧನ ಕಂಪ್ಯೂಟರನ್ನು ಎಬ್ಬಿಸಬಹುದು" ಎಂಬುದರ ಮುಂದಿನ ಗುರುತು ತೆಗೆಯಿರಿ. ಕೀಲಿಮಣೆಯದು ಹಾಗೆಯೇ ಇರಲಿ. 2 ಗಂಟೆಯದಕ್ಕೆ ಪವರ್ ಆಯ್ಕೆಗಳಲ್ಲಿ ವೇಕ್ ಟೈಮರ್ ಮುಚ್ಚಿ.

ಮಳವಳ್ಳಿ_ಮೇಷ್ಟ್ರು
ಬುಧವಾರ, ಬೆಳಿಗ್ಗೆ 7.15

ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ನೂರಿಪ್ಪತ್ತು ವರ್ಷದ ಮೇಲೆ ಅದೇ ಜಿಲ್ಲೆಯಲ್ಲಿ ವಿದ್ಯುತ್ತನ್ನು ಮಲಗಿಸುವುದು ಹೇಗೆಂದು ಚರ್ಚಿಸುತ್ತಿದ್ದೇವೆ.

ನನಗೆ ತೋಚಿದ್ದು ಬೇರೆ. ಮಾಂಡೂಕ್ಯ ಉಪನಿಷತ್ತು ನಾಲ್ಕು ಅವಸ್ಥೆ ಹೇಳುತ್ತದೆ: ಜಾಗ್ರತ್, ಸ್ವಪ್ನ, ಗಾಢನಿದ್ದೆಯಾದ ಸುಷುಪ್ತಿ, ಈ ಮೂರನ್ನೂ ಮೀರಿದ ತುರೀಯ. ನಿಮ್ಮ ಎಸಿಪಿಐಯಲ್ಲಿ ಎಷ್ಟಿವೆ?

ಕಲ್ಲುಸಕ್ಕರೆ, ಮೈಸೂರು
ಬುಧವಾರ, ಬೆಳಿಗ್ಗೆ 8.30

ಮೇಷ್ಟ್ರೇ, ಎಸ್0ಯಿಂದ ಎಸ್5ರವರೆಗೆ ಆರು. ಎಸ್0 ಎಚ್ಚರ. ಎಸ್1, ಎಸ್2 ಹೆಚ್ಚು ಬಳಕೆಯಲ್ಲಿಲ್ಲ. ಎಸ್3ರಲ್ಲಿ ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲ ಆರುತ್ತವೆ, ನೆನಪಿನ ಚಿಪ್ಪಿಗೆ ಮಾತ್ರ ಒಂದು ಎಳೆ ವಿದ್ಯುತ್. ಎಸ್4ರಲ್ಲಿ ನೆನಪನ್ನು ಡಿಸ್ಕಿಗೆ ಬರೆದಿಟ್ಟು ಎಲ್ಲವನ್ನೂ ಆರಿಸುತ್ತದೆ, ಅದೇ ಹೈಬರ್ನೇಟ್. ಎಸ್5 ಎಂದರೆ ಆರಿಸಿದ ಸ್ಥಿತಿ, ಆದರೂ ಬಟನ್ ಒತ್ತಿದ್ದನ್ನು ಕೇಳಿಸಿಕೊಳ್ಳಲು 5 ವೋಲ್ಟಿನ ಒಂದು ಗೆರೆ ಜೀವಂತವಾಗಿರುತ್ತದೆ. ಇದಲ್ಲದೆ ಪ್ರತಿಯೊಂದು ಸಾಧನಕ್ಕೂ ಡಿ0ಯಿಂದ ಡಿ3ರವರೆಗೆ ಅದರದೇ ನಿದ್ದೆ ಬೇರೆ.

ಡಿಟಿಪಿ ಅಣ್ಣನದು ಸುಷುಪ್ತಿ ಎನ್ನಬಹುದು. ಸ್ವಪ್ನಾವಸ್ಥೆ ಬೇರೆಯೇ ಇದೆ, ಕೆಳಗೆ ಯಾರಾದರೂ ಅದರ ಗೋಳು ಹೇಳಿಕೊಂಡೇ ತೀರುತ್ತಾರೆ.

ಬೇಗಂ_ಮುಗಿಸಿ
ಬುಧವಾರ, ಬೆಳಿಗ್ಗೆ 8.41

ಹಾಗಾದರೆ ಪ್ಲಗ್ ಕೀಳುವುದೇ ತುರೀಯ. ನಾನು ಮೊದಲೇ ಹೇಳಿದ್ದೆ.

ಬೆಳಗಿನ_ರೈಲು, ಮೈಸೂರು
ಬುಧವಾರ, ಬೆಳಿಗ್ಗೆ 9.20

ಆ ಗೋಳು ನನ್ನದು. ದಿನವೂ ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುತ್ತೇನೆ. ಲ್ಯಾಪ್‌ಟಾಪ್ ಮುಚ್ಚಳ ಹಾಕಿ ಚೀಲದಲ್ಲಿಟ್ಟು ಹತ್ತಿದರೆ, ಮದ್ದೂರು ದಾಟುವ ಹೊತ್ತಿಗೆ ಚೀಲದಿಂದ ಇಸ್ತ್ರಿ ಪೆಟ್ಟಿಗೆಯ ಬಿಸಿ. ಪಕ್ಕದಲ್ಲಿ ಕೂತಿದ್ದ ಅಜ್ಜಿ "ಅಡುಗೆ ಬಿಸಿಯಾಗಿಯೇ ಇದೆಯಲ್ಲ ಮಗಾ, ಯಾವ ಡಬ್ಬಿ?" ಎಂದು ವಿಚಾರಿಸಿದರು. ಬೆಂಗಳೂರು ತಲುಪುವಾಗ ಬ್ಯಾಟರಿ ಅರ್ಧ. ಹಳೆಯ ಲ್ಯಾಪ್‌ಟಾಪಿನಲ್ಲಿ ಹೀಗಾಗುತ್ತಿರಲಿಲ್ಲ.

ಕಲ್ಲುಸಕ್ಕರೆ, ಮೈಸೂರು
ಬುಧವಾರ, ಬೆಳಿಗ್ಗೆ 10.05

ಇದೇ ಸ್ವಪ್ನಾವಸ್ಥೆ ಮೇಷ್ಟ್ರೇ. ದೇಹ ಮಲಗಿದೆ, ಮನಸ್ಸು ಊರೆಲ್ಲ ಸುತ್ತುತ್ತಿದೆ.

ಮೊಬೈಲ್ ಪರದೆ ಆರಿದರೂ ಕರೆ, ಸಂದೇಶ ಬರುತ್ತಲೇ ಇರುತ್ತವಲ್ಲ, ಕಂಪ್ಯೂಟರೂ ಹಾಗಿರಲಿ ಎಂದು ವಿಂಡೋಸ್ 8ರ ಕಾಲದಲ್ಲಿ ಶುರುಮಾಡಿದರು. ವಿಂಡೋಸ್ 10ರಲ್ಲಿ ಅದಕ್ಕೆ ಮಾಡರ್ನ್ ಸ್ಟ್ಯಾಂಡ್‌ಬೈ ಎಂದು ಹೆಸರು. ಇಲ್ಲಿ ಯಂತ್ರ ಎಸ್3ಕ್ಕೆ ಇಳಿಯುವುದೇ ಇಲ್ಲ. ಲೆಕ್ಕಕ್ಕೆ ಎಸ್0ಯಲ್ಲೇ ಇದ್ದು, ಒಳಗಿನ ಒಂದೊಂದೇ ಭಾಗ ತೂಕಡಿಸುತ್ತದೆ. ಎಲ್ಲವೂ ಒಟ್ಟಿಗೆ ತೂಕಡಿಸಿದರೆ ಬ್ಯಾಟರಿ ಉಳಿಯುತ್ತದೆ. ಸಾಧನ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಒಂದೇ ಒಂದು ಹಟ ಹಿಡಿದರೂ ಪ್ರೊಸೆಸರ್ ಆಳವಾದ ನಿದ್ದೆಗೆ ಹೋಗುವುದಿಲ್ಲ. ಅವಿಭಕ್ತ ಕುಟುಂಬದಲ್ಲಿ ಒಬ್ಬರು ಟಿವಿ ಹಾಕಿಕೊಂಡು ಕೂತರೆ ಹಜಾರದಲ್ಲಿ ಯಾರಿಗೂ ನಿದ್ದೆಯಿಲ್ಲ.

ನಿರ್ವಾಹಕರ ಅಧಿಕಾರದಲ್ಲಿ ಕಮಾಂಡ್ ಪರದೆ ತೆರೆದು "ಪವರ್‌ಸಿಎಫ್‌ಜಿ" ಎಂಬ ಆಜ್ಞೆಗೆ ಓರೆಗೆರೆ, "ಎ" ಸೇರಿಸಿ ಓಡಿಸಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಯಾವ ಯಾವ ನಿದ್ದೆ ಇದೆ ಎಂದು ತಿಳಿಯುತ್ತದೆ. ಎಸ್3 ಇಲ್ಲ ಎಂದರೆ ಇಲ್ಲ. ಚೀಟಿಯಲ್ಲಿ ಬರೆಯದ್ದನ್ನು ವಿಂಡೋಸ್ ಮಾಡುವುದಿಲ್ಲ. ಆಗ ಮುಚ್ಚಳ ಹಾಕಿದರೆ ಹೈಬರ್ನೇಟ್ ಆಗಲಿ ಎಂದು ಬದಲಿಸಿ. ಏಳಲು ಕೆಲವು ಸೆಕೆಂಡು ಹೆಚ್ಚು ಹಿಡಿಯುತ್ತದೆ, ಅಷ್ಟೇ. ಇದೇ ಆಜ್ಞೆಗೆ "ಸ್ಲೀಪ್‌ಸ್ಟಡಿ" ಸೇರಿಸಿದರೆ ಹಟ ಹಿಡಿದವರು ಯಾರೆಂದು ವರದಿಯೂ ಸಿಗುತ್ತದೆ.

ಗೂಬೆಯಲ್ಲ_ಪೆಂಗ್ವಿನ್, ಶ್ರೀರಂಗಪಟ್ಟಣ
ಬುಧವಾರ, ಸಂಜೆ 6.30

ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿಕೊಳ್ಳಿ ಎನ್ನಲು ಬಂದೆ. ಆದರೆ ನನ್ನ ಲಿನಕ್ಸ್ ಲ್ಯಾಪ್‌ಟಾಪೂ ಮೊನ್ನೆ ತನಕ ಮಲಗಿದರೆ ಏಳುತ್ತಿರಲಿಲ್ಲ, ಆದ್ದರಿಂದ ತಗ್ಗಿದ ದನಿಯಲ್ಲಿ ಹೇಳುತ್ತೇನೆ.

ನಮ್ಮಲ್ಲಿ ಮುಚ್ಚುಮರೆ ಕಡಿಮೆ. ಪ್ರೊಕ್ ಕಡತಕೋಶದೊಳಗೆ ಎಸಿಪಿಐ, ಅದರೊಳಗೆ ವೇಕಪ್ ಎಂಬ ಕಡತ. ಓದಿದರೆ ಯಾವ ಸಾಧನ ಎಷ್ಟು ಆಳದ ನಿದ್ದೆಯಿಂದ ಎಬ್ಬಿಸಬಲ್ಲದು, ಆ ಅನುಮತಿ ಈಗ ಇದೆಯೇ ಎಂಬ ಪಟ್ಟಿ. ಎಕ್ಸ್‌ಎಚ್‌ಸಿ ಎಂಬ ಯುಎಸ್‌ಬಿ ಸಾಲಿನ ಹೆಸರನ್ನು ಅದೇ ಕಡತಕ್ಕೆ ಬರೆದರೆ ಅನುಮತಿ ರದ್ದು. ಮೌಸಿನ ಜೊತೆ ಕೀಲಿಮಣೆಯದೂ ರದ್ದಾಗುತ್ತದೆ, ಪವರ್ ಬಟನ್ನೇ ಗತಿ.

ಕಲ್ಲುಸಕ್ಕರೆ ಹೇಳಿದ ಚೀಟಿ ಬರಿಯ ಪಟ್ಟಿಯಲ್ಲ, ಅದರೊಳಗೆ ಪ್ರೋಗ್ರಾಂ ಇದೆ. ಡಿಎಸ್‌ಡಿಟಿ ಎಂಬ ಕೋಷ್ಟಕದಲ್ಲಿ ಎಎಂಎಲ್ ಎಂಬ ಸಂಕೇತಭಾಷೆಯಲ್ಲಿ ಬರೆದಿರುತ್ತಾರೆ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅದನ್ನು ಓದಿ ಓದಿ ನಡೆಸುತ್ತದೆ. ನನ್ನ ಲ್ಯಾಪ್‌ಟಾಪಿನದನ್ನು ಬಿಚ್ಚಿ ನೋಡಿದೆ. ಅದರೊಳಗೆ ಅದು "ನೀನು ಯಾವ ವಿಂಡೋಸ್?" ಎಂದು ಕೇಳುತ್ತದೆ. ಲಿನಕ್ಸ್ ಏನು ಮಾಡುತ್ತದೆ ಗೊತ್ತೇ? ಯಾವ ವಿಂಡೋಸ್ ಹೆಸರು ಹೇಳಿ ಕೇಳಿದರೂ "ಹೌದು, ನಾನೇ" ಎನ್ನುತ್ತದೆ. "ನೀನು ಲಿನಕ್ಸೋ?" ಎಂದರೆ ಇಲ್ಲ ಎನ್ನುತ್ತದೆ! ಗಂಡಿನ ಕಡೆಯವರೆಂದು ಹೇಳಿಕೊಂಡು ಮೊದಲ ಪಂಕ್ತಿಗೆ ಕೂತ ಹಾಗೆ.

ಇದಕ್ಕೆಲ್ಲ ಮೂಲ ಯಾರು? ಎಸಿಪಿಐ ವಿಸ್ತರಣೆಗಳನ್ನು ವಿಂಡೋಸಿಗಷ್ಟೇ ಸೀಮಿತಗೊಳಿಸಬಹುದೇ ಎಂದು ಬಿಲ್ ಗೇಟ್ಸ್ 1999ರ ಜನವರಿಯಲ್ಲಿ ಸಹೋದ್ಯೋಗಿಗಳಿಗೆ ಮಿಂಚಂಚೆ ಬರೆದಿದ್ದರು. ಅಮೆರಿಕದ ಅಯೋವಾ ರಾಜ್ಯದ ಮೊಕದ್ದಮೆಯಲ್ಲಿ ಅದು ಸಾಕ್ಷ್ಯವಾಗಿ ಹೊರಬಂತು.

ಕಲ್ಲುಸಕ್ಕರೆ, ಮೈಸೂರು
ಬುಧವಾರ, ರಾತ್ರಿ 9.00

ಆ ಪತ್ರ ನಿಜ. ಆದರೆ ಎಲ್ಲ ಪಾಪವನ್ನೂ ಅದರ ತಲೆಗೆ ಕಟ್ಟಬೇಡಿ. ಒಳಗಿನವಳಾಗಿ ಹೇಳುತ್ತೇನೆ: ಬೋರ್ಡು ಸಿದ್ಧವಾದಾಗ ಅದರ ಮೇಲೆ ವಿಂಡೋಸ್ ಹಾಕಿ ಮಲಗಿಸುತ್ತಾರೆ, ಎಬ್ಬಿಸುತ್ತಾರೆ. ಎದ್ದರೆ ಪರೀಕ್ಷೆ ಪಾಸು. ಚೀಟಿಯಲ್ಲಿ ವಿಂಡೋಸ್ ಓದದೆ ಬಿಟ್ಟ ಸಾಲಿನಲ್ಲಿ ಏನೇ ತಪ್ಪಿದ್ದರೂ ಯಾರಿಗೂ ಕಾಣುವುದಿಲ್ಲ. ಲಿನಕ್ಸ್ ಬಂದು ಆ ಸಾಲನ್ನು ಓದಿ ಹಳ್ಳಕ್ಕೆ ಬೀಳುತ್ತದೆ. ಸಂಚಿಗಿಂತ ಗಡಿಬಿಡಿಯೇ ಹೆಚ್ಚು.

ಹಳೇ_ಮದರ್‌ಬೋರ್ಡ್, ಮೈಸೂರು
ಬುಧವಾರ, ರಾತ್ರಿ 9.25

ಅಂದರೆ ಜಂಪರ್ ಎಲ್ಲೂ ಹೋಗಿಲ್ಲ ಅಮ್ಮಾ. ನನ್ನ ಕೈಯಿಂದ ನಿಮ್ಮ ಕೈಗೆ ಬಂದಿದೆ. ನನ್ನದು ನೆಲಕ್ಕೆ ಬಿದ್ದರೆ ಸದ್ದಾದರೂ ಆಗುತ್ತಿತ್ತು.

ನೂರಡಿರಸ್ತೆ_ಡಿಟಿಪಿ, ಮಂಡ್ಯ
ಶುಕ್ರವಾರ, ಬೆಳಿಗ್ಗೆ 10.10

ಎರಡು ರಾತ್ರಿ ಶಾಂತವಾಗಿತ್ತು. ಇವತ್ತು ಬಂದು ನೋಡಿದರೆ ಮತ್ತೆ ಎದ್ದಿದೆ! ಈ ಸಲ ಫೈಲುಗಳೆಲ್ಲ ಮುಚ್ಚಿವೆ, ಲಾಗಿನ್ ಪರದೆ. ನಾನೂರು ಕಾರ್ಡಿನ ಲಗ್ನಪತ್ರಿಕೆಯ ತಿದ್ದುಪಡಿ ಉಳಿಸಿರಲಿಲ್ಲ, ಹೋಯಿತು. ಪವರ್-ಟ್ರಬಲ್‌ಶೂಟರ್ ನಮೂದು ಇಲ್ಲ. ಅದರ ಬದಲು ಕರ್ನಲ್-ಪವರ್ 41 ಎಂದು ಕೆಂಪು ಗುರುತು.

ಕಲ್ಲುಸಕ್ಕರೆ, ಮೈಸೂರು
ಶುಕ್ರವಾರ, ಬೆಳಿಗ್ಗೆ 10.25

ರಾತ್ರಿ ಕರೆಂಟ್ ಹೋಗಿತ್ತೇ?

ನೂರಡಿರಸ್ತೆ_ಡಿಟಿಪಿ, ಮಂಡ್ಯ
ಶುಕ್ರವಾರ, ಬೆಳಿಗ್ಗೆ 10.50

ಬೇಕರಿ ಹುಡುಗನನ್ನು ಕೇಳಿದೆ. ಮಳೆ ಗಾಳಿಗೆ ಹೋಗಿ ನಾಲ್ಕೂವರೆಗೆ ಬಂತಂತೆ. ಹೋದ ಗುರುವಾರವೂ ಮಳೆ ಬಂದಿತ್ತು.

ಕಲ್ಲುಸಕ್ಕರೆ, ಮೈಸೂರು
ಶುಕ್ರವಾರ, ಬೆಳಿಗ್ಗೆ 11.20

ಇದು ಏಳುವುದಲ್ಲ ಅಣ್ಣ, ಸತ್ತು ಹುಟ್ಟುವುದು. ಎಸ್3ರಲ್ಲಿ ನೆನಪು ನಿಂತಿರುವುದು ಆ ಒಂದು ಎಳೆ ವಿದ್ಯುತ್ತಿನ ಮೇಲೆ. ಯುಪಿಎಸ್ ಕೈಚೆಲ್ಲಿದ ಕ್ಷಣ ಫೈಲುಗಳು ಹೋದವು. ಕರೆಂಟ್ ಮರಳಿ ಬಂದಾಗ ಏನು ಮಾಡಬೇಕು ಎಂದು ಬಯೋಸಿನಲ್ಲಿ, ಅಂದರೆ ಮದರ್‌ಬೋರ್ಡಿನ ಫರ್ಮ್‌ವೇರ್ ಸೆಟ್ಟಿಂಗಿನಲ್ಲಿ, ಒಂದು ಆಯ್ಕೆ ಇರುತ್ತದೆ: ಆರಿಯೇ ಇರಬೇಕೇ, ಹೊತ್ತಿಕೊಳ್ಳಬೇಕೇ, ಮುಂಚಿನಂತಿರಬೇಕೇ. ನಿಮ್ಮದರಲ್ಲಿ ಹೊತ್ತಿಕೊಳ್ಳಬೇಕು ಎಂದಿರಬೇಕು. ಆರಿಯೇ ಇರಲಿ ಎಂದು ಬದಲಿಸಿ.

ನನಗೆ ಅರ್ಥವಾಗದ್ದು ಒಂದು. ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ಹೈಬ್ರಿಡ್ ಸ್ಲೀಪ್ ಇರುತ್ತದೆ. ಮಲಗುವಾಗಲೇ ನೆನಪಿನ ಒಂದು ಪ್ರತಿಯನ್ನು ಡಿಸ್ಕಿಗೂ ಬರೆದಿಡುತ್ತದೆ, ಕರೆಂಟ್ ಹೋದರೂ ಫೈಲು ಉಳಿಯಬೇಕು. ನಿಮ್ಮದು ಏಕೆ ಉಳಿಯಲಿಲ್ಲ?

ಹಳೇ_ಮದರ್‌ಬೋರ್ಡ್, ಮೈಸೂರು
ಶುಕ್ರವಾರ, ಮಧ್ಯಾಹ್ನ 12.00

ಅದು ನನಗೆ ಗೊತ್ತು. ಎಸ್‌ಎಸ್‌ಡಿ 120 ಜಿಬಿಯದೇ? ಕಟ್ಟಿಕೊಟ್ಟವನು ಜಾಗ ಉಳಿಸಲು ಹೈಬರ್ನೇಟ್ ಮುಚ್ಚಿದ್ದಾನೆ. ಅದನ್ನು ಮುಚ್ಚಿದರೆ ಹೈಬರ್‌ಫಿಲ್ ಎಂಬ ದೊಡ್ಡ ಕಡತ ಅಳಿಯುತ್ತದೆ, ಅದರ ಜೊತೆ ಹೈಬ್ರಿಡ್ ಸ್ಲೀಪೂ ಹೋಗುತ್ತದೆ. ನಾನೂ ಎಷ್ಟೋ ಗಿರಾಕಿಗಳಿಗೆ ಹಾಗೆ ಮಾಡಿಕೊಟ್ಟಿದ್ದೇನೆ, ಸುಳ್ಳೇಕೆ ಹೇಳಲಿ. ಪವರ್‌ಸಿಎಫ್‌ಜಿ ಆಜ್ಞೆಗೆ ಓರೆಗೆರೆ, "ಎಚ್", "ಆನ್" ಸೇರಿಸಿ ಮತ್ತೆ ತೆರೆಯಿರಿ. ಆಮೇಲೆ ಪವರ್ ಆಯ್ಕೆಗಳಲ್ಲಿ ಹೈಬ್ರಿಡ್ ಸ್ಲೀಪ್ ಆನ್ ಇದೆಯೇ ಎಂದೂ ನೋಡಿ. 16 ಜಿಬಿ ನೆನಪಿಗೆ ಆರೇಳು ಜಿಬಿ ಜಾಗ ಹಿಡಿಯುತ್ತದೆ. ಹಳೆಯ ಲಗ್ನಪತ್ರಿಕೆಗಳನ್ನು ಬೇರೆ ಡಿಸ್ಕಿಗೆ ಹಾಕಿ, ಆ ಮಕ್ಕಳೆಲ್ಲ ಈಗ ಶಾಲೆಗೆ ಹೋಗುತ್ತಿರುತ್ತವೆ.

ನೂರಡಿರಸ್ತೆ_ಡಿಟಿಪಿ, ಮಂಡ್ಯ
ಮುಂದಿನ ಬುಧವಾರ, ರಾತ್ರಿ 8.40

120 ಜಿಬಿಯೇ ಹಿರಿಯರೇ. ಹೈಬರ್ನೇಟ್ ತೆರೆದೆ, ಹೈಬ್ರಿಡ್ ಸ್ಲೀಪ್ ಆನ್ ಮಾಡಿದೆ, ಬಯೋಸ್ ಬದಲಿಸಿದೆ. ನಿನ್ನೆ ಪರೀಕ್ಷೆಗೆಂದು ಮಲಗಿಸಿ, ಯುಪಿಎಸ್ ಆರಿಸಿ, ಹತ್ತು ನಿಮಿಷ ಬಿಟ್ಟು ಹಾಕಿದೆ. ತಾನಾಗಿ ಏಳಲಿಲ್ಲ. ಬಟನ್ ಒತ್ತಿದ ಮೇಲೆ ಸ್ವಲ್ಪ ಯೋಚಿಸಿ ಎಲ್ಲ ಫೈಲುಗಳನ್ನೂ ತಂದು ಮುಂದಿಟ್ಟಿತು. ಟ್ರ್ಯಾಕ್ಟರುಗಳು ಓಡಾಡುತ್ತಲೇ ಇವೆ, ಚಮಚ ಕಿಣಿಕಿಣಿ ಎನ್ನುತ್ತಲೇ ಇದೆ.

ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯವರಿಂದ ವ್ಯಾಟ್ ಮೀಟರ್ ತಂದು ಅಳೆದೆ. ಎದ್ದು ಸುಮ್ಮನೆ ಕೂತಾಗ 52, ಮಲಗಿದಾಗ 2. ಎದ್ದ ರಾತ್ರಿ ಎಂಟು ಗಂಟೆ ಎಂದರೂ ಅರ್ಧ ಯೂನಿಟ್‌ಗೆ ಹತ್ತಿರ ಸುಮ್ಮನೆ ಸುಡುತ್ತಿತ್ತು.

ನಿಂಬೆಹಣ್ಣು ತೆಗೆಯಲು ತಾಯಿ ಒಪ್ಪುತ್ತಿಲ್ಲ. ಅದರಿಂದಲೇ ಸರಿಹೋಯಿತು ಎನ್ನುತ್ತಿದ್ದಾರೆ.